ಮಗಳಿಗೆ ಇಪ್ಪತ್ತಾದ ಮೇಲೆ ಇನ್ನೊಂದು ಮಗು: ತಪ್ಪೇ?

ಪ್ರಶ್ನೆ: ನನಗೆ 44 ವರ್ಷ, ನನ್ನ ಯಜಮಾನರಿಗೆ 50. ಅವರು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕರು, 2008ರಲ್ಲಿ ಕೆಲಸಕ್ಕೆ ಸೇರಿದವರು. ನಮಗೆ ಒಬ್ಬಳೇ ಮಗಳು. ಅವಳಿಗೀಗ 20 ವರ್ಷ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ನಂತರ ಎರಡು ಬಾರಿ ಗರ್ಭಪಾತವಾಯಿತು. ಆಮೇಲೆ ಅತ್ತೆಯವರಿಗೆ ಪಾರ್ಶ್ವವಾಯು ಬಡಿದು, ಅವರ ಆರೈಕೆಯಲ್ಲೇ ವರ್ಷಗಳು ಕಳೆದುಹೋದವು. ಕಳೆದ ವರ್ಷ ಅವರು ತೀರಿಕೊಂಡರು. ಆಗ ಆಗದ ಎರಡನೇ ಮಗು ಈಗಲಾದರೂ ಆಗಲಿ ಎಂಬ ಆಸೆ ನನ್ನದು. ಐವಿಎಫ್ ಕೇಂದ್ರದಲ್ಲಿ ವಿಚಾರಿಸಿದಾಗ, ನನ್ನ ಅಂಡಾಣುಗಳಿಂದ ಕಷ್ಟ, ದಾನಿಯ ಅಂಡಾಣು ಬಳಸಿದರೆ ಆಗಬಹುದು, ಆದರೆ ತಡಮಾಡಬೇಡಿ ಎಂದರು. ನಮ್ಮ ಅಕ್ಕ ‘ಈ ವಯಸ್ಸಿನಲ್ಲಿ ನಾಚಿಕೆಯಾಗುವುದಿಲ್ಲವೇ’ ಎನ್ನುತ್ತಾಳೆ. ಯಜಮಾನರು ‘ನಿನ್ನಿಷ್ಟ’ ಎನ್ನುತ್ತಾರೆ. ಮಗಳು ಮಾತ್ರ, ‘ನಿಮಗೆ ವಯಸ್ಸಾದಾಗ ಆ ಮಗುವನ್ನು ನೋಡಿಕೊಳ್ಳಬೇಕಾದವಳು ನಾನೇ ತಾನೆ? ನನ್ನನ್ನು ಯಾರಾದರೂ ಕೇಳಿದಿರಾ?’ ಎಂದು ಕೇಳಿ ಮಾತು ಬಿಟ್ಟಿದ್ದಾಳೆ. ನನ್ನ ಆಸೆ ಸ್ವಾರ್ಥವೇ? ಈ ವಯಸ್ಸಿನಲ್ಲಿ ಮಗುವನ್ನು ಬಯಸುವುದು ತಪ್ಪೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂವರು ಮಾತನಾಡಿದ್ದಾರೆ. ಅವರಲ್ಲಿ ನಿಮ್ಮ ಅಕ್ಕನವರ ಆಕ್ಷೇಪ ಅತ್ಯಂತ ದುರ್ಬಲವಾದದ್ದು, ನಿಮ್ಮ ಮಗಳದು ಅತ್ಯಂತ ಗಟ್ಟಿಯಾದದ್ದು, ಯಜಮಾನರದು ಉತ್ತರವೇ ಅಲ್ಲ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಿರುವುದರಿಂದಲೇ ನಿಮಗೆ ಇಷ್ಟು ಗೊಂದಲವಾಗಿದೆ ಎಂದು ನನಗನಿಸುತ್ತದೆ.

ನಾಚಿಕೆಯ ಮಾತನ್ನು ಮೊದಲೇ ಬದಿಗಿಡೋಣ. ನಲವತ್ತು ದಾಟಿದ ಮೇಲೆ ಹೆರುವುದು ನಮ್ಮ ನಾಡಿಗೆ ಹೊಸದಲ್ಲ. ಎರಡು ಮೂರು ತಲೆಮಾರುಗಳ ಹಿಂದೆ ತಾಯಿ ಮತ್ತು ಮದುವೆಯಾದ ಮಗಳು ಒಂದೇ ಮನೆಯಲ್ಲಿ ಒಂದೇ ಕಾಲಕ್ಕೆ ಬಾಣಂತಿಯರಾಗಿರುತ್ತಿದ್ದುದೂ, ಸೋದರಮಾವನಿಗಿಂತ ಅಳಿಯನೇ ಒಂದೆರಡು ವರ್ಷ ದೊಡ್ಡವನಾಗಿರುತ್ತಿದ್ದುದೂ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಂದೋ ಎರಡೋ ಮಕ್ಕಳನ್ನು ಮೂವತ್ತರೊಳಗೆ ಹೆತ್ತು ಮುಗಿಸುವುದು ವಾಡಿಕೆಯಾದ ಮೇಲೆ, ಆ ವಾಡಿಕೆಯನ್ನೇ ನಾವು ಮರ್ಯಾದೆ ಎಂದು ಕರೆಯತೊಡಗಿದ್ದೇವೆ. ದಂಪತಿಗಳ ನಡುವಿನ ಸಂಬಂಧ ನಲವತ್ತೈದಕ್ಕೆ ಮುಗಿದಿರಬೇಕೆಂಬ ಊಹೆಯಲ್ಲದೆ ಅಕ್ಕನವರ ಮಾತಿನ ಹಿಂದೆ ಬೇರೆ ಯಾವ ನೈತಿಕ ಕಾರಣವೂ ನನಗೆ ಕಾಣುವುದಿಲ್ಲ.

ಆದರೆ ಆ ಹಳೆಯ ಕಾಲವನ್ನು ನಿಮ್ಮ ಪರವಾದ ಸಾಕ್ಷಿಯಾಗಿ ಬಳಸಿಕೊಳ್ಳಲು ಹೋದರೆ ಅದು ನಿಮಗೇ ತಿರುಗಿ ಬೀಳುತ್ತದೆ. ಆ ತಡವಾದ ಕೂಸುಗಳನ್ನು ಬೆಳೆಸಿದವರು ಯಾರು? ಬಹುಪಾಲು ಮನೆಗಳಲ್ಲಿ ಅಕ್ಕಂದಿರು. ಸೊಂಟದ ಮೇಲೆ ತಮ್ಮನನ್ನೋ ತಂಗಿಯನ್ನೋ ಹೊತ್ತುಕೊಂಡೇ ಬೆಳೆದು, ಅದೇ ಕಾರಣಕ್ಕೆ ಶಾಲೆ ಬಿಟ್ಟ ಹೆಣ್ಣುಮಕ್ಕಳು ನಮ್ಮ ಹಿರಿಯರಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ‘ಅಕ್ಕ ಎಂದರೆ ಎರಡನೇ ತಾಯಿ’ ಎಂದು ನಾವು ಹೊಗಳುವಾಗ, ಆ ಎರಡನೇ ತಾಯ್ತನಕ್ಕೆ ಆಕೆಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ ಎಂಬುದನ್ನು ಮರೆಯುತ್ತೇವೆ. ನಿಮ್ಮ ಮಗಳು ಕೇಳಿದ್ದು ಈ ಪ್ರಶ್ನೆಯನ್ನೇ, ಮತ್ತು ಅದನ್ನು ಹಿಂದಿನವರು ಕೇಳಲಾಗದೇ ಹೋದರೆಂಬ ಕಾರಣಕ್ಕೆ ಅದು ಅವಿಧೇಯತೆಯಾಗುವುದಿಲ್ಲ. ಅವಳ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಈ ಇಡೀ ವಿಷಯದ ನೈತಿಕ ಭಾರ ಇರುವುದು ಅಲ್ಲೇ.

ಅದಕ್ಕೂ ಮೊದಲು ‘ಸ್ವಾರ್ಥವೇ’ ಎಂಬ ನಿಮ್ಮ ಪ್ರಶ್ನೆ. ಹುಟ್ಟದೇ ಇರುವ ಮಗುವಿನ ಒಳಿತಿಗಾಗಿ ಯಾರೂ ಮಗುವನ್ನು ಹೆರುವುದಿಲ್ಲ. ಇಪ್ಪತ್ತೈದರವರೂ ತಮ್ಮ ಆಸೆಗಾಗಿಯೇ ಹೆರುತ್ತಾರೆ, ಅವರನ್ನು ನಾವು ಸ್ವಾರ್ಥಿಗಳೆಂದು ಕರೆಯುವುದಿಲ್ಲ. ತತ್ತ್ವಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಸಿದ್ಧ ವಾದವಿದೆ: ವಯಸ್ಸಾದ ತಂದೆತಾಯಿಗೆ ಹುಟ್ಟಿದ ಮಗು ‘ನೀವು ಚಿಕ್ಕವರಿದ್ದಾಗಲೇ ನನ್ನನ್ನು ಹೆತ್ತಿದ್ದರೆ ಚೆನ್ನಾಗಿತ್ತು’ ಎಂದು ದೂರುವಂತಿಲ್ಲ, ಏಕೆಂದರೆ ಆಗ ಹುಟ್ಟುತ್ತಿದ್ದುದು ಬೇರೆ ಮಗು, ಈ ಮಗುವಲ್ಲ, ಈ ಮಗುವಿನ ಪಾಲಿಗೆ ಇದ್ದದ್ದು ಈ ಜನ್ಮ ಅಥವಾ ಜನ್ಮವೇ ಇಲ್ಲದಿರುವುದು, ಎರಡೇ. ತರ್ಕವಾಗಿ ಇದನ್ನು ಮುರಿಯುವುದು ಸುಲಭವಲ್ಲ. ಆದರೂ ನನಗೆ ಇದು ಅರ್ಧ ಉತ್ತರವಾಗಿಯೇ ಕಾಣುತ್ತದೆ. ಹುಟ್ಟಿಸಿದ್ದರಿಂದ ಮಗುವಿಗೆ ಅನ್ಯಾಯವಾಯಿತೇ ಎಂಬುದಕ್ಕೆ ಮಾತ್ರ ಅದು ಉತ್ತರ ಹೇಳುತ್ತದೆ. ಹುಟ್ಟಿಸಿದವರು ಹದಿನೆಂಟು ಇಪ್ಪತ್ತು ವರ್ಷಗಳ ಹೊಣೆಯನ್ನು ತಾವೇ ಹೊರುವ ಸ್ಥಿತಿಯಲ್ಲಿದ್ದಾರೆಯೇ, ಇಲ್ಲದಿದ್ದರೆ ಯಾರ ಮೇಲೆ ಅದನ್ನು ಹಾಕುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ.

ಆಸೆ ತಪ್ಪಲ್ಲ. ಕೆಲವು ಕಾರಣಗಳು ಮಾತ್ರ ತಪ್ಪು. ಗಂಡು ಮಗು ಬೇಕೆಂಬುದು ಅಂಥದ್ದೊಂದು. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ, ಆದರೆ ಒಬ್ಬಳೇ ಮಗಳಿರುವ ಮನೆಯಲ್ಲಿ ಬಂಧುಗಳ ಬಾಯಿಂದ ಆ ಮಾತು ಬಂದೇ ಬರುತ್ತದೆ, ಆದ್ದರಿಂದ ಹೇಳುತ್ತಿದ್ದೇನೆ. ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಮುಂಚೆ ಲಿಂಗ ನೋಡಿ ಆರಿಸುವುದೂ, ಗರ್ಭದಲ್ಲಿ ಲಿಂಗ ಪತ್ತೆ ಮಾಡುವುದೂ 1994ರ ಕಾಯಿದೆಯಡಿ ಶಿಕ್ಷಾರ್ಹ ಅಪರಾಧ. ಇನ್ನೊಂದು, ಮುಪ್ಪಿನಲ್ಲಿ ನಮ್ಮನ್ನು ನೋಡಿಕೊಳ್ಳಲು ಒಬ್ಬರು ಬೇಕೆಂಬ ಕಾರಣ. ನೀವು ಎಪ್ಪತ್ತೈದಕ್ಕೆ ಬರುವ ಹೊತ್ತಿಗೆ ಆ ಮಗುವಿಗೆ ಮೂವತ್ತು; ತನ್ನ ಜೀವನವನ್ನು ಕಟ್ಟಿಕೊಳ್ಳಬೇಕಾದ ಹೊತ್ತಿನಲ್ಲಿ ಅದರ ಕೈಗೆ ಎರಡು ಮುದಿಜೀವಗಳನ್ನು ಒಪ್ಪಿಸುವ ಯೋಜನೆ ಅದು.

ನಿಮ್ಮ ಕಾರಣ ಈ ಎರಡೂ ಅಲ್ಲವೆಂದು ನಂಬುತ್ತೇನೆ. ಆದರೆ ನಿಮ್ಮ ಪತ್ರದ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ವರ್ಷಗಟ್ಟಲೆ ಹಾಸಿಗೆ ಹಿಡಿದವರೊಬ್ಬರ ಆರೈಕೆ ಮಾಡಿದವರಿಗೆ, ಅವರು ಹೋದ ಮೇಲೆ ಬರುವ ಖಾಲಿತನ ಸಾಮಾನ್ಯವಾದುದಲ್ಲ. ಹೊತ್ತುಹೊತ್ತಿಗೆ ಉಣಿಸುವುದು, ಮೈ ಒರೆಸುವುದು, ರಾತ್ರಿ ಎದ್ದು ಮಗ್ಗುಲು ಬದಲಿಸುವುದು, ಇವೆಲ್ಲ ಒಂದೇ ದಿನಕ್ಕೆ ನಿಂತುಹೋದಾಗ, ಕೈ ಮತ್ತೊಂದು ಅವಲಂಬಿತ ಜೀವವನ್ನು ಹುಡುಕುತ್ತದೆ. ಅದೇ ಹೊತ್ತಿಗೆ ಮಗಳೂ ಮನೆಯಿಂದ ದೂರವಿದ್ದಾಳೆ. ನಿಮ್ಮ ಆಸೆ ಹದಿನೈದು ವರ್ಷ ಹಳೆಯದೋ, ಕಳೆದ ಒಂದು ವರ್ಷದ್ದೋ ಎಂಬುದು ನಿಮಗೆ ಮಾತ್ರ ಗೊತ್ತಾಗುವ ವಿಷಯ, ಅದೂ ಸ್ವಲ್ಪ ಕಾಲ ಕಳೆದ ಮೇಲೆ.

ಕಾಲವೇ ಇಲ್ಲವಲ್ಲ ಎನ್ನುತ್ತೀರಿ. ‘ತಡಮಾಡಬೇಡಿ’ ಎಂದು ಕೇಂದ್ರದವರು ಹೇಳಿದ್ದನ್ನು ಇಲ್ಲಿ ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಸ್ವಂತ ಅಂಡಾಣುವಿನ ಮಟ್ಟಿಗೆ ಆ ಮಾತು ನಿಜ: ನಮ್ಮ ದೇಶದ ಮಹಿಳೆಯರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸೇ 46-47, ಅದಕ್ಕೂ ಹಲವು ವರ್ಷ ಮೊದಲೇ ಅಂಡಾಣುಗಳ ಸಂಖ್ಯೆಯೂ ಗುಣವೂ ಕುಸಿದಿರುತ್ತವೆ, 44ರಲ್ಲಿ ಸ್ವಂತ ಅಂಡಾಣುವಿನಿಂದ ಐವಿಎಫ್ ಫಲಿಸಿ ಮಗು ಕೈಗೆ ಬರುವುದು ತೀರಾ ವಿರಳ. ಆದರೆ ದಾನಿಯ ಅಂಡಾಣುವನ್ನೇ ಬಳಸುವುದಾದರೆ, ಫಲಿತಾಂಶವನ್ನು ಮುಖ್ಯವಾಗಿ ನಿರ್ಧರಿಸುವುದು ದಾನಿಯ ವಯಸ್ಸು, ನಿಮ್ಮದಲ್ಲ. ಗರ್ಭಕೋಶ ಅಷ್ಟು ಬೇಗ ಮುಪ್ಪಾಗುವುದಿಲ್ಲ. ಆರೇಳು ತಿಂಗಳು ಕಾದರೆ ವೈದ್ಯಕೀಯವಾಗಿ ನೀವು ಕಳೆದುಕೊಳ್ಳುವುದು ಬಹಳ ಕಡಿಮೆ. ಹೀಗಿರುವಾಗ ಆತುರ ಯಾರಿಗೆ ಎಂದು ಕೇಳಿಕೊಳ್ಳುವುದು ಅನುಚಿತವಾಗಲಾರದು.

ದೇಹದ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮನ್ನು ಪರೀಕ್ಷಿಸದೆ ವಿವರಕ್ಕೆ ಇಳಿಯುವುದು ಸರಿಯಲ್ಲ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ತಾಯಿಗೆ 25 ವರ್ಷವಿದ್ದಾಗ ಸುಮಾರು 1,250ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು, 45ರಲ್ಲಿ 30ಕ್ಕೆ ಒಂದು. ದಾನಿಯ ಅಂಡಾಣುವಾದರೆ ಈ ಲೆಕ್ಕ ದಾನಿಯ ವಯಸ್ಸಿಗೆ ಇಳಿಯುತ್ತದೆ. ಆದರೆ ತಾಯಿಯ ದೇಹಕ್ಕೆ ಸಂಬಂಧಿಸಿದ ಅಪಾಯಗಳು ಇಳಿಯುವುದಿಲ್ಲ: ಗರ್ಭಿಣಿಯರಲ್ಲಿ ಬಿಪಿ ಏರಿ ಮೂತ್ರಪಿಂಡಕ್ಕೂ ಮಿದುಳಿಗೂ ತೊಂದರೆ ಕೊಡುವ ಗರ್ಭನಂಜು, ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ, ಮಾಸು ಕೆಳಗೆ ಕೂರುವುದು, ಅವಧಿಗೆ ಮುಂಚೆ ಹೆರಿಗೆ, ಸಿಸೇರಿಯನ್, ಇವೆಲ್ಲ ಈ ವಯಸ್ಸಿನಲ್ಲಿ ಹೆಚ್ಚು, ಮತ್ತು ಗರ್ಭನಂಜು ದಾನಿಯ ಅಂಡಾಣುವಿನ ಗರ್ಭದಲ್ಲಿ ಇನ್ನಷ್ಟು ಹೆಚ್ಚು. ಅವಳಿಯಾದರೆ ಎಲ್ಲವೂ ದುಪ್ಪಟ್ಟು ಎಂದುಕೊಳ್ಳಿ. ಆದ್ದರಿಂದ ಮುಂದುವರಿಯುವುದೇ ಆದರೆ ಒಂದೇ ಒಂದು ಭ್ರೂಣವನ್ನು ಬಿಡಬೇಕೆಂದು ನೀವಾಗಿಯೇ ಪಟ್ಟುಹಿಡಿಯಿರಿ. ‘ಹೇಗೂ ದುಡ್ಡು ಕೊಟ್ಟಿದ್ದೀರಿ, ಎರಡು ಬಿಡೋಣ’ ಎಂಬ ಔದಾರ್ಯಕ್ಕೆ ಮರುಳಾಗಬೇಡಿ. ಯಜಮಾನರ ವಯಸ್ಸನ್ನು ಯಾರೂ ಎತ್ತುವುದಿಲ್ಲ. ಆದರೆ ಗಂಡಸಿನ ವಯಸ್ಸು ಒಂದೊಂದು ವರ್ಷ ಏರಿದಂತೆ ಮಗುವಿಗೆ ದಾಟುವ ಹೊಸ ವಂಶವಾಹಿ ಬದಲಾವಣೆಗಳು ಒಂದೆರಡರಂತೆ ಹೆಚ್ಚುತ್ತವೆ ಎಂಬುದೂ, ಐವತ್ತು ದಾಟಿದ ತಂದೆಯರ ಮಕ್ಕಳಲ್ಲಿ ಆಟಿಸಂನಂಥ ಕೆಲವು ತೊಂದರೆಗಳ ಸಾಧ್ಯತೆ ಸ್ವಲ್ಪ ಹೆಚ್ಚೆಂಬುದೂ ಈಗ ತಿಳಿದಿರುವ ವಿಷಯ. ಒಟ್ಟು ಅಪಾಯ ಸಣ್ಣದೇ. ಆದರೂ ವಯಸ್ಸಿನ ಮಾತು ಬಂದಾಗಲೆಲ್ಲ ಹೆಂಗಸಿನ ಕಡೆಗೇ ಬೆರಳು ತೋರುವ ನಮ್ಮ ಅಭ್ಯಾಸಕ್ಕೆ ಇದನ್ನು ಎದುರಿಟ್ಟು ನೋಡಬೇಕು.

ಗರ್ಭ ನಿಂತ ಮೇಲೆ ಪರೀಕ್ಷೆಯಲ್ಲಿ ಗಂಭೀರ ದೋಷ ಕಂಡುಬಂದರೆ ಏನು ಮಾಡುತ್ತೀರಿ ಎಂಬುದನ್ನು ಈಗಲೇ ಇಬ್ಬರೂ ಮಾತನಾಡಿಕೊಳ್ಳಿ. 2021ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ, ಭ್ರೂಣದಲ್ಲಿ ಗಣನೀಯ ದೋಷವಿದ್ದಾಗ ವೈದ್ಯಕೀಯ ಮಂಡಳಿಯ ಒಪ್ಪಿಗೆಯಿದ್ದರೆ 24 ವಾರಗಳ ನಂತರವೂ ಗರ್ಭಪಾತಕ್ಕೆ ಅವಕಾಶವಿದೆ. ಆದರೆ ಕಾನೂನು ಅವಕಾಶವನ್ನಷ್ಟೇ ಕೊಡುತ್ತದೆ, ತೀರ್ಮಾನ ನಿಮ್ಮದು. ಜೀವನಪೂರ್ತಿ ಆಸರೆ ಬೇಕಾಗುವ ಮಗುವನ್ನು 45ರಲ್ಲಿ ಬರಮಾಡಿಕೊಳ್ಳುವುದು ಎಂದರೆ, ನಿಮ್ಮ ನಂತರದ ಆಸರೆ ಯಾರು ಎಂಬ ಪ್ರಶ್ನೆ ಅಂದೇ ಎದುರು ನಿಲ್ಲುತ್ತದೆ.

ಕಾನೂನಿನ ದೃಷ್ಟಿಯಲ್ಲಿ ನಿಮಗೆ ಅಡ್ಡಿಯಿಲ್ಲ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆ, ಅಂದರೆ ಎಆರ್‌ಟಿ ಕಾಯಿದೆ, ಇಂಥ ಚಿಕಿತ್ಸೆಗೆ ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ಎಂಬ ವಯೋಮಿತಿ ಹಾಕಿದೆ. ಈಗಾಗಲೇ ಮಗುವಿದೆ ಎಂಬುದು ಅಲ್ಲಿ ಅಡ್ಡಿಯಾಗದು. ಬಾಡಿಗೆ ತಾಯ್ತನಕ್ಕೆ ಮಾತ್ರ ನಿಮಗೆ ದಾರಿಯಿಲ್ಲ, ಏಕೆಂದರೆ ಜೀವಂತ ಮಗುವಿರುವ ದಂಪತಿಗೆ, ಆ ಮಗುವಿಗೆ ಗಂಭೀರ ವೈಕಲ್ಯವೋ ಪ್ರಾಣಾಂತಕ ಕಾಯಿಲೆಯೋ ಇದ್ದ ಹೊರತು, ಅದನ್ನು ಅದೇ ವರ್ಷದ ಇನ್ನೊಂದು ಕಾಯಿದೆ ನಿರಾಕರಿಸುತ್ತದೆ. ಈ ಮಿತಿಗಳು ಸುಮ್ಮನೆ ಬಂದವಲ್ಲ. 2019ರಲ್ಲಿ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಐವಿಎಫ್ ಮೂಲಕ ಅವಳಿ ಹೆಣ್ಣುಮಕ್ಕಳನ್ನು ಹೆತ್ತಾಗ ತಡೆಯುವ ಕಾನೂನೇ ಇರಲಿಲ್ಲ. ಕಾನೂನು ಬಂದ ಮೇಲೂ, ಕೊಲೆಯಾದ ಪಂಜಾಬಿ ಗಾಯಕ ಸಿಧು ಮೂಸೆವಾಲಾ ಅವರ ತಾಯಿ 2024ರ ಮಾರ್ಚ್‌ನಲ್ಲಿ 58ನೇ ವಯಸ್ಸಿನಲ್ಲಿ ಗಂಡು ಮಗುವನ್ನು ಹೆತ್ತಾಗ, ಕೇಂದ್ರ ಆರೋಗ್ಯ ಸಚಿವಾಲಯ ಪಂಜಾಬ್ ಸರ್ಕಾರದಿಂದ ವರದಿ ಕೇಳಿತು. ಒಬ್ಬನೇ ಮಗನನ್ನು ಗುಂಡೇಟಿಗೆ ಕಳೆದುಕೊಂಡ ತಾಯಿಯ ಮುಂದೆ ವಯಸ್ಸಿನ ನಿಯಮವನ್ನು ಹಿಡಿದು ನಿಲ್ಲುವುದು ಕಷ್ಟದ ಕೆಲಸ. ಆದರೂ ನಿಯಮವಿರುವುದು ಆ ತಾಯಿಯನ್ನು ಅಳೆಯಲು ಅಲ್ಲ, ಹುಟ್ಟುವ ಮಗುವಿನ ಕಡೆಯಿಂದ ಒಬ್ಬರಾದರೂ ಮಾತನಾಡಲಿ ಎಂಬುದಕ್ಕೆ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಾಯಿದೆ ಜಾರಿಗೆ ಬರುವ ಮುನ್ನವೇ ಭ್ರೂಣಗಳನ್ನು ಶೈತ್ಯೀಕರಿಸಿಟ್ಟು ಬಾಡಿಗೆ ತಾಯ್ತನದ ಪ್ರಕ್ರಿಯೆ ಆರಂಭಿಸಿದ್ದ ದಂಪತಿಗಳಿಗೆ ವಯೋಮಿತಿ ಅನ್ವಯಿಸದು ಎಂದು ತೀರ್ಪಿತ್ತಿತು. ಸಹಜವಾಗಿ ಗರ್ಭ ಧರಿಸುವವರ ವಯಸ್ಸನ್ನು ಯಾರೂ ಕೇಳುವುದಿಲ್ಲವಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೂ ವೈದ್ಯರ ಕೈಯಿಂದ ಆಗುವ ಗರ್ಭಕ್ಕೆ ವೈದ್ಯರೂ ಹೊಣೆಗಾರರು, ಹಾಗಾಗಿ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಎಂಬುದು ನನ್ನ ಅಭಿಪ್ರಾಯ.

ಕಾನೂನು ಒಪ್ಪಿತು ಎಂದ ಮಾತ್ರಕ್ಕೆ ನಿಮ್ಮ ಪತ್ರದಲ್ಲಿ ಎಲ್ಲಿಯೂ ಕಾಣಿಸದ ಒಬ್ಬ ಹೆಣ್ಣುಮಗಳನ್ನು ಮರೆಯುವಂತಿಲ್ಲ. ಅಂಡಾಣು ದಾನಿ ನಿಮ್ಮ ಮಗಳಿಗಿಂತ ಕೆಲವೇ ವರ್ಷ ದೊಡ್ಡವಳಿರಬಹುದು. ಕಾಯಿದೆಯಂತೆ ಆಕೆಗೆ 23ರಿಂದ 35 ವರ್ಷವಾಗಿರಬೇಕು, ಜೀವಮಾನದಲ್ಲಿ ಒಂದೇ ಬಾರಿ ಕೊಡಬೇಕು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯಬಾರದು, ಮತ್ತು ಆಕೆಯ ಹೆಸರಿನಲ್ಲಿ 12 ತಿಂಗಳ ವಿಮೆಯನ್ನು ಮಗು ಬಯಸುವ ದಂಪತಿಯೇ ಮಾಡಿಸಬೇಕು. ದಿನಗಟ್ಟಲೆ ಹಾರ್ಮೋನ್ ಚುಚ್ಚುಮದ್ದು ತೆಗೆದುಕೊಂಡು, ಅರಿವಳಿಕೆಯಲ್ಲಿ ಸೂಜಿಯಿಂದ ಅಂಡಾಣು ತೆಗೆಸಿಕೊಳ್ಳುವ ಆಕೆಗೆ ಕೆಲವೊಮ್ಮೆ ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಅಪಾಯವೂ ಇದೆ. ಕಾಗದದಲ್ಲಿ ದಾನ ಎಂದು ಬರೆದಿದ್ದರೂ, ಹಣದ ತಾಪತ್ರಯವಿಲ್ಲದ ಮನೆಯಿಂದ ಇದಕ್ಕೆ ಬರುವವರು ಕಡಿಮೆ. ಇದರಿಂದ ನಿಮ್ಮ ಆಯ್ಕೆ ತಪ್ಪಾಗುತ್ತದೆ ಎನ್ನುವುದಿಲ್ಲ. ಆದರೆ ಅಂಡಾಣು ಬ್ಯಾಂಕ್ ನೋಂದಾಯಿತವಾಗಿದೆಯೇ, ವಿಮೆಯ ಪತ್ರ ಎಲ್ಲಿದೆ, ಎಷ್ಟು ಅಂಡಾಣು ತೆಗೆಯುತ್ತೀರಿ ಎಂದು ಕೇಳುವುದು ನಿಮ್ಮ ಕರ್ತವ್ಯ. ಕೇಳಿದರೆ ಮುಖ ಸಿಂಡರಿಸುವ ಕೇಂದ್ರವನ್ನು ಬಿಟ್ಟು ಬನ್ನಿ.

ಹೀಗೆ ಹುಟ್ಟಿದ ಮಗು ಕಾನೂನಿನ ಪ್ರಕಾರ ಪೂರ್ಣವಾಗಿ ನಿಮ್ಮದೇ. ಆಸ್ತಿಯೂ ಸೇರಿದಂತೆ ಎಲ್ಲ ಹಕ್ಕುಗಳಲ್ಲಿ ನಿಮ್ಮ ಮಗಳಿಗೆ ಸಮಾನ. ಗುಟ್ಟಾಗಿಡಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ ನಂತರ ನೋಂದಾಯಿಸಿಕೊಂಡ ದಾನಿಗಳ ಗುರುತನ್ನು, ಅವರಿಂದ ಹುಟ್ಟಿದ ಮಕ್ಕಳು 18 ತುಂಬಿದಾಗ ಕೇಳಿ ಪಡೆಯಬಹುದು. ನಮ್ಮಲ್ಲಿ ಆ ಹಕ್ಕಿಲ್ಲ. ಆದರೂ ಡಿಎನ್‌ಎ ಪರೀಕ್ಷೆ ಸುಲಭವಾಗಿರುವ ಈ ಕಾಲದಲ್ಲಿ, ಮತ್ತು ಅಕ್ಕನಿಗೆ ಗೊತ್ತಿರುವ ವಿಷಯ ತಮ್ಮನಿಗೋ ತಂಗಿಗೋ ಗೊತ್ತಿಲ್ಲದ ಮನೆಯಲ್ಲಿ, ಗುಟ್ಟು ಉಳಿಯುವುದಿಲ್ಲ. ಮಗು ಕಥೆ ಕೇಳುವ ವಯಸ್ಸಿನಲ್ಲೇ ಹೇಳಿಬಿಡುವುದು ಲೇಸು. ಹದಿನಾರರಲ್ಲಿ ಜಗಳದ ನಡುವೆ ತಿಳಿದರೆ ಅದು ಮೋಸವಾಗಿ ಕಾಣುತ್ತದೆ.

ಈಗ ಮಗಳ ಮಾತು. ಅವಳ ಲೆಕ್ಕವನ್ನು ನಾವೂ ಮಾಡಿ ನೋಡೋಣ. ಮುಂದಿನ ವರ್ಷ ಮಗು ಹುಟ್ಟಿದರೆ, ಅದಕ್ಕೆ ಒಂಬತ್ತಾದಾಗ ಯಜಮಾನರು 60 ತುಂಬಿ ನಿವೃತ್ತರಾಗುತ್ತಾರೆ. 2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರಾದ್ದರಿಂದ ಅವರು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ವ್ಯವಸ್ಥೆಯ ವ್ಯಾಪ್ತಿಯಲ್ಲಿದ್ದಾರೆ. ಅವರ ಹಿರಿಯ ಸಹೋದ್ಯೋಗಿಗಳಿಗೆ ಬರುವ ಖಾತರಿಯ ಪಿಂಚಣಿ ಅವರಿಗೆ ಇಲ್ಲ. ಮಗು ಹತ್ತನೇ ತರಗತಿಗೆ ಬರುವಾಗ ನಿಮಗೆ 60, ಅವರಿಗೆ 66. ಕಾಲೇಜು ಸೇರುವಾಗ ನಿಮಗೆ 63, ಅವರಿಗೆ 69. ನಮ್ಮ ದೇಶದಲ್ಲಿ 60 ತಲುಪಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ, ಆದ್ದರಿಂದ ಮಗು ಅನಾಥವಾಗುತ್ತದೆ ಎಂದು ಹೆದರಿಸುವವರ ಮಾತು ಉತ್ಪ್ರೇಕ್ಷೆ. ಆದರೆ ಸರಾಸರಿಯ ಈಚೆಗೆ ಬೀಳುವವರೂ ಇರುತ್ತಾರೆ, ಮತ್ತು ಬದುಕಿರುವುದು ಬೇರೆ, ಜ್ವರ ಬಂದ ಮಗುವನ್ನು ರಾತ್ರಿ ಎತ್ತಿಕೊಂಡು ಓಡಾಡುವ ಶಕ್ತಿ ಇರುವುದು ಬೇರೆ. ಇವೆಲ್ಲ ನಡೆಯುವಾಗ ನಿಮ್ಮ ಮಗಳಿಗೆ ಮೂವತ್ತರಿಂದ ನಲವತ್ತು: ಉದ್ಯೋಗ, ಮದುವೆಯಾದರೆ ಸಂಸಾರ, ಜೊತೆಗೆ ನಿಮ್ಮ ಕಾಯಿಲೆ ಕಸಾಲೆ. ಅತ್ತೆಯವರ ಆರೈಕೆಯಲ್ಲಿ ನಿಮ್ಮ ಮೂವತ್ತರ ದಶಕ ಕಳೆದುಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ ಎಂಬುದನ್ನು ಮರೆಯಬೇಡಿ. ಮನೆಯಲ್ಲಿ ಒಬ್ಬರ ಹೊಣೆ ಬಿದ್ದಾಗ ಅದು ಯಾರ ಹೆಗಲಿಗೆ ಬರುತ್ತದೆ ಎಂಬುದನ್ನು ಅವಳು ಯಾವ ಪುಸ್ತಕದಿಂದಲೂ ಕಲಿತಿಲ್ಲ.

ಹಾಗೆಂದು ಬೇಡವೆನ್ನುವ ಅಧಿಕಾರ ಅವಳದೇ? ಅಲ್ಲ. ನಿಮ್ಮ ದೇಹ, ನಿಮ್ಮ ದಾಂಪತ್ಯ, ಮಗುವಿನ ನಿರ್ಧಾರ ನಿಮ್ಮಿಬ್ಬರದು. ತಮ್ಮನೋ ತಂಗಿಯೋ ಬೇಡವೆಂದು ಮಕ್ಕಳು ಯಾವ ವಯಸ್ಸಿನಲ್ಲೂ ತಡೆಹಿಡಿಯುವಂತಿಲ್ಲ. ಆದರೆ ಮಗುವನ್ನು ಪಡೆಯುವ ನಿರ್ಧಾರ ಒಂದು, ಆ ಮಗುವಿನ ಹೊಣೆಯನ್ನು ಮೂರನೆಯವರಿಗೆ ವಹಿಸುವ ನಿರ್ಧಾರ ಇನ್ನೊಂದು, ಮತ್ತು ಎರಡನೆಯದನ್ನು ಅವಳ ಒಪ್ಪಿಗೆಯಿಲ್ಲದೆ ಮಾಡುವ ಹಕ್ಕು ನಿಮಗಿಲ್ಲ. ತನ್ನ ಮುಪ್ಪನ್ನು ಮಗನ ಮೇಲೆ ಹೊರಿಸಿದ ಯಯಾತಿ ಕೂಡ ಐದೂ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿದ. ನಾಲ್ವರು ಒಲ್ಲೆವೆಂದರು, ಪೂರು ಒಪ್ಪಿದ. ಒಲ್ಲೆ ಎಂದವರನ್ನು ಶಪಿಸಿದನಲ್ಲ, ಅದೊಂದನ್ನು ಮಾತ್ರ ನೀವು ಮಾಡಬಾರದು.

ಆದ್ದರಿಂದ ಅವಳ ಬಳಿ ಹೋಗಿ ‘ನಿನಗೆ ಒಪ್ಪಿಗೆಯೇ’ ಎಂದು ಕೇಳಬೇಡಿ. ಅದು ಇಪ್ಪತ್ತರ ಹುಡುಗಿಯ ಮೇಲೆ ನಿಮ್ಮ ನಿರ್ಧಾರದ ಭಾರವನ್ನೇ ಹಾಕಿದಂತಾಗುತ್ತದೆ. ‘ಈ ಮಗುವಿನ ಹೊಣೆ ನಿನ್ನದಲ್ಲ, ಅದಕ್ಕೆ ನಾವು ಮಾಡಿರುವ ಏರ್ಪಾಡು ಇದು’ ಎಂದು ತೋರಿಸಿ. ಆ ಏರ್ಪಾಡು ಬಾಯಿಮಾತಿನದಾಗಬಾರದು. ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಕಾಯಿದೆ, ಅಪ್ರಾಪ್ತ ವಯಸ್ಸಿನ ಮಗುವಿಗೆ ಉಯಿಲಿನ ಮೂಲಕ ಪಾಲಕರನ್ನು ನೇಮಿಸಲು ತಂದೆತಾಯಿಗೆ ಅವಕಾಶ ಕೊಟ್ಟಿದೆ. ಐವತ್ತರೊಳಗಿನ, ಆರೋಗ್ಯವಾಗಿರುವ, ಬಾಯಿಬಿಟ್ಟು ಒಪ್ಪಿದ ಬಂಧುವೋ ಸ್ನೇಹಿತರೋ ಆ ಉಯಿಲಿನಲ್ಲಿರಬೇಕು. ಯಜಮಾನರ ಹೆಸರಿನಲ್ಲಿ ಮಗುವಿಗೆ ಇಪ್ಪತ್ತೆರಡಾಗುವವರೆಗೆ ನಡೆಯುವ ಟರ್ಮ್ ವಿಮೆ ಬೇಕು. ಈ ವಯಸ್ಸಿನಲ್ಲಿ ಕಂತು ಹೆಚ್ಚು, ಅಷ್ಟು ದೀರ್ಘ ಅವಧಿಗೆ ಸಿಗದೆಯೂ ಹೋಗಬಹುದು, ಅದನ್ನು ಈಗಲೇ ವಿಚಾರಿಸಿ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಡಿ ಪಾಲಿಸಿ ಮಾಡಿಸಿದರೆ ಆ ಹಣ ಹೆಂಡತಿ ಮಕ್ಕಳಿಗೇ ಮೀಸಲಾಗಿ, ಸಾಲ ಕೊಟ್ಟವರ ಕೈಗೆ ಸಿಗುವುದಿಲ್ಲ. ಐವಿಎಫ್‌ಗೆ ತೆಗೆದಿಟ್ಟ ಹಣದಲ್ಲಿ ಮಗಳ ಓದಿನ, ಅವಳ ಮುಂದಿನ ವರ್ಷಗಳ ಹಣ ಸೇರಿದೆಯೇ ಎಂಬುದನ್ನೂ ಅವಳ ಮುಂದೆ ಮುಚ್ಚುಮರೆಯಿಲ್ಲದೆ ಇಡಿ. ಇಷ್ಟೆಲ್ಲ ಆದ ಮೇಲೂ ಅವಳು ಮುನಿಸಿಕೊಂಡರೆ, ಅದು ಅವಳ ಮನಸ್ಸಿನ ಹಕ್ಕು. ನಿಮ್ಮ ಕಡೆಯ ಕರ್ತವ್ಯ ಮುಗಿದಿರುತ್ತದೆ. ಇನ್ನೊಂದು ಸಾಧ್ಯತೆಯನ್ನೂ ಗಮನಿಸಿ. ಎಷ್ಟೋ ಮಕ್ಕಳು ಹೊರೆಯ ಮಾತನಾಡುವಾಗ ಒಳಗೆ ಇರುವುದು ಹೆರಿಗೆಯಲ್ಲಿ ಅಮ್ಮನಿಗೆ ಏನಾದರೂ ಆದರೆ ಎಂಬ ಭಯ. ಅದನ್ನು ಅವಳಾಗಿಯೇ ಹೇಳಲಾರಳು.

ಆ ಪಾಲಕರು ಸಿಗದಿದ್ದರೆ? ಸುತ್ತಲಿನ ಬಂಧುಬಳಗದಲ್ಲಿ ಒಬ್ಬರೂ ಹೂಂ ಎನ್ನದಿದ್ದರೆ, ನನ್ನ ಸಲಹೆ ಬೇಡವೆಂದೇ. ಇದನ್ನು ಕಠಿಣವೆಂದು ನೀವು ಭಾವಿಸಬಹುದು. ಆದರೆ ಯಾರೂ ಒಪ್ಪದ ಹೊಣೆ ಕೊನೆಗೆ ಬೀಳುವುದು ಮಗಳ ಮೇಲೆಯೇ.

ಯಜಮಾನರ ‘ನಿನ್ನಿಷ್ಟ’ ಎಂಬ ಮಾತು ಉದಾರವಾಗಿ ಕೇಳಿಸಿದರೂ, ಮುಂದೆ ಏನಾದರೂ ಎಡವಟ್ಟಾದರೆ ‘ನಾನು ಹೇಳಲಿಲ್ಲವೇ’ ಎನ್ನಲು ಬಿಟ್ಟುಕೊಂಡ ಬಾಗಿಲದು. ಅರವತ್ತರಲ್ಲಿ ಒಂಬತ್ತು ವರ್ಷದ ಮಗುವನ್ನು ಶಾಲೆಗೆ ಬಿಡುವವರು, ನಿವೃತ್ತಿಯ ನಂತರ ಟ್ಯೂಷನ್ ಹೇಳಿ ದುಡಿಯಬೇಕಾಗಿ ಬರುವವರು ಅವರೇ. ಬೇಕು ಅಥವಾ ಬೇಡ ಎಂಬ ಸ್ಪಷ್ಟ ಮಾತು ಅವರಿಂದ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ದತ್ತು ತೆಗೆದುಕೊಳ್ಳಿ ಎಂದು ನಿಮಗೆ ಉಪದೇಶ ಮಾಡುವುದಿಲ್ಲ. ಇಪ್ಪತ್ತೆಂಟರ ದಂಪತಿಗೆ ಯಾರೂ ಹೇಳದ ಈ ಮಾತನ್ನು ವಯಸ್ಸಾದವರಿಗೆ ಮಾತ್ರ ಪ್ರಾಯಶ್ಚಿತ್ತದಂತೆ ಹೇಳುವುದು ನನಗೆ ಸರಿ ಕಾಣದು. ಆದರೆ ದಾನಿಯ ಅಂಡಾಣುವನ್ನು ಒಪ್ಪಿಕೊಂಡ ಮೇಲೆ, ರಕ್ತಸಂಬಂಧವೇ ಮುಖ್ಯವೆಂಬ ಹಟ ನಿಮ್ಮಲ್ಲಿ ಇಲ್ಲವೆಂದಾಯಿತು. ಆದ್ದರಿಂದ ಲೆಕ್ಕ ತಿಳಿದಿರಲಿ. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ, 2022ರ ನಿಯಮಗಳಂತೆ ದಂಪತಿಯ ಒಟ್ಟು ವಯಸ್ಸು 85ರೊಳಗಿದ್ದರೆ ಎರಡು ವರ್ಷದೊಳಗಿನ ಮಗು, 90ರೊಳಗಿದ್ದರೆ ಎರಡರಿಂದ ನಾಲ್ಕು ವರ್ಷದ್ದು, 100ರೊಳಗಿದ್ದರೆ ನಾಲ್ಕರಿಂದ ಎಂಟರದ್ದು, 110ರೊಳಗಿದ್ದರೆ ಎಂಟರ ಮೇಲಿನದ್ದು. ನಿಮ್ಮಿಬ್ಬರದು 94. ಅಂದರೆ ನಾಲ್ಕರಿಂದ ಎಂಟು ವರ್ಷದ ಮಗುವಿಗೆ ನೀವು ಅರ್ಹರು, ಮತ್ತು ಆ ಅರ್ಹತೆ ಇನ್ನು ಮೂರು ವರ್ಷ ಉಳಿಯುತ್ತದೆ. ವಯಸ್ಸನ್ನು ನೋಂದಣಿಯ ದಿನಕ್ಕೆ ಲೆಕ್ಕ ಹಾಕುತ್ತಾರೆ, ಕಾಯುವಿಕೆ ಮಾತ್ರ ದೀರ್ಘ. ಆರು ವರ್ಷದ ಮಗು ಮನೆಗೆ ಬಂದರೆ ಅದು ಕಾಲೇಜು ಸೇರುವ ಹೊತ್ತಿಗೆ ನಿಮಗೆ ಇನ್ನೂ ಅರವತ್ತಾಗಿರುವುದಿಲ್ಲ, ಮಗಳ ಆತಂಕದ ದೊಡ್ಡ ಪಾಲು ಅಲ್ಲಿಗೆ ಕಡಿಮೆಯಾಗುತ್ತದೆ. ಆದರೆ ಅಷ್ಟು ದೊಡ್ಡ ಮಗು ತನ್ನ ಹಿಂದಿನ ನೋವುಗಳನ್ನೂ ಜೊತೆಗೆ ತರುತ್ತದೆ. ಎತ್ತಿ ಆಡಿಸುವ ಎಳೆಗೂಸಿನ ಆಸೆ ನಿಮ್ಮದಾಗಿದ್ದರೆ ಈ ದಾರಿ ಆ ಆಸೆಯನ್ನು ಪೂರೈಸದು, ಮತ್ತು ಪೂರೈಸಲೆಂದು ಆ ಮಗುವನ್ನು ಕರೆತರಲೂ ಬಾರದು.

ಒಟ್ಟಿನಲ್ಲಿ ನಿಮ್ಮ ಆಸೆ ತಪ್ಪಲ್ಲ ಎಂದೇ ನನ್ನ ಉತ್ತರ. ಈಗ ಮಾಡಬೇಕಾದದ್ದು ಇಷ್ಟು: ಚಿಕಿತ್ಸೆಯ ಮಾತನ್ನು ಆರು ತಿಂಗಳು ಮುಂದಕ್ಕೆ ಹಾಕಿ. ಅಷ್ಟರಲ್ಲಿ ಐವಿಎಫ್ ಕೇಂದ್ರಕ್ಕೆ ಸಂಬಂಧವಿಲ್ಲದ ಪ್ರಸೂತಿ ತಜ್ಞರೊಬ್ಬರಿಂದ ಬಿಪಿ, ಸಕ್ಕರೆ, ಥೈರಾಯ್ಡ್, ಹೃದಯ ಮತ್ತು ಗರ್ಭಕೋಶದ ತಪಾಸಣೆ ಮಾಡಿಸಿ, ಸ್ತನದ ಪರೀಕ್ಷೆಯನ್ನೂ ಬಿಡಬೇಡಿ. ಯಜಮಾನರೂ ಅದೇ ದಿನ ತಪಾಸಣೆಗೆ ಕೂರಲಿ. ನಿಮ್ಮ ಹೃದಯ ಅಥವಾ ಬಿಪಿ ಒಂಬತ್ತು ತಿಂಗಳ ಗರ್ಭವನ್ನು ತಾಳಲಾರದು ಎಂದು ಆ ವೈದ್ಯರು ಹೇಳಿದರೆ ಗರ್ಭದ ದಾರಿ ಅಲ್ಲಿಗೆ ಮುಗಿಯುತ್ತದೆ, ದತ್ತಿನ ದಾರಿಯನ್ನು ಯೋಚಿಸಲು ಆಗಲೂ ನಿಮಗೆ ಸಮಯವಿರುತ್ತದೆ. ತಾಳಬಲ್ಲದು ಎಂದರೆ, ವಕೀಲರ ಬಳಿ ಉಯಿಲಿನ ಕರಡು ಬರೆಸಿಕೊಂಡು, ಬೆಂಗಳೂರಿಗೆ ಹೋಗಿ ಮಗಳ ಎದುರು ಕುಳಿತು ಮಾತನಾಡಿ. ಈ ಮಾತನ್ನು ಫೋನಿನಲ್ಲಿ ಆಡಬೇಡಿ.